ಸೋತವರು ಮೊದಲು ಬರಬೇಕು

ಅರಸೀಕೆರೆಯಲ್ಲಿ ನಾನೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪ್‌ರೈಟರ್ ಯಾರಿಗೂ ಬೇಡವಾಯಿತು. ಎರಡು ಕಂಪ್ಯೂಟರ್ ತಂದೆ, ಬೋರ್ಡ್ ಬದಲಾಯಿಸಿದೆ. ಕಲಿಯುವವರು ಮಾತ್ರ ಬರಲಿಲ್ಲ. ಕೈಕಟ್ಟಿ ಕೂರುವುದೇಕೆಂದು ನಾನೂ ಅಕ್ಕನೂ ಕಂಪ್ಯೂಟರಿನಲ್ಲಿ ಒಂದು ಆಟ ಕಲಿತೆವು.

ರಾಜ್ಯ ಕಟ್ಟುವ ಆಟ ಅದು. ಕ್ರಿಸ್ತಪೂರ್ವ ನಾಲ್ಕು ಸಾವಿರದಲ್ಲಿ ಒಂದು ಹಳ್ಳಿಯಿಂದ ಶುರು, ಕ್ರಿಸ್ತಶಕ ಎರಡು ಸಾವಿರಕ್ಕೆ ಮುಕ್ತಾಯ. ಅಷ್ಟರೊಳಗೆ ಎದುರಾಳಿಯ ರಾಜ್ಯವನ್ನೆಲ್ಲ ಗೆದ್ದುಕೊಂಡರೆ ಆಟ ಅಲ್ಲಿಗೇ ಮುಗಿಯುತ್ತದೆ. ಒಬ್ಬರ ಸರದಿ ಆದಮೇಲೆ ಇನ್ನೊಬ್ಬರದು. ಇಬ್ಬರೂ ಆಡಿದ ಮೇಲೆ ಪರದೆಯ ಮೂಲೆಯಲ್ಲಿ ಇಸವಿ ಮುಂದಕ್ಕೆ ಹೋಗುತ್ತದೆ. ನಾವು ಯಾವತ್ತೂ ಕೊನೆಯವರೆಗೆ ಆಡಿದವರಲ್ಲ. ಸೋಲುವ ಲಕ್ಷಣ ಕಂಡರೆ ನಾನು ಕೋಪದಿಂದ ಸ್ವಿಚ್ಚು ಆರಿಸಿಬಿಡುತ್ತಿದ್ದೆ.

ಅಕ್ಕ ಮದುವೆಯಾಗಿ ಬೇಲೂರಿಗೆ ಹೋದಳು. ಭಾವನದು ಮನೆಯ ಮುಂಭಾಗದಲ್ಲೇ ಡಿಟಿಪಿ ಅಂಗಡಿ, ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಕೆಲಸ. ಜಗಳ ಹತ್ತಿದ್ದು ಅಕ್ಕನ ಸೀಮಂತದ ದಿನ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದರು ಅಪ್ಪ. ಹಾಸನದ ಆಸ್ಪತ್ರೆಯಲ್ಲಿ ಎಲ್ಲ ಗೊತ್ತುಮಾಡಿದ್ದೇವೆ ಎಂದರು ಅಕ್ಕನ ಅತ್ತೆ. ಮಾತಿಗೆ ಮಾತು ಬೆಳೆಯಿತು. ಅಪ್ಪ ಎಲೆಯ ಮುಂದಿನಿಂದ ಅರ್ಧ ಊಟದಲ್ಲೇ ಎದ್ದರು. ಶುಭಕಾರ್ಯದಲ್ಲಿ ಬೀಗರು ಎಲೆ ಬಿಟ್ಟು ಎದ್ದರೆ ಅದನ್ನು ಯಾರು ಮರೆಯುತ್ತಾರೆ? ಅಮ್ಮ ಎಂಜಲು ಕೈಯಲ್ಲೇ ಹಿಂದೆ ಬಂದಳು. ಅಂದಿನಿಂದ ಹೋಗಿಬರುವುದು ನಿಂತುಹೋಯಿತು.

ವಾರ ಕಳೆದಿರಬಹುದು, ಬೇಲೂರಿನಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರ್ ಒಂದು ಫ್ಲಾಪಿ ತಂದುಕೊಟ್ಟ. ಅಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ ಹೊಸ ಆಟ ಶುರುಮಾಡಿ, ತನ್ನ ಸರದಿ ಮುಗಿಸಿ, ಅದನ್ನು ಫ್ಲಾಪಿಗೆ ತುಂಬಿ ಕಳಿಸಿದ್ದಳು. ಫ್ಲಾಪಿಯ ಲೇಬಲ್ಲಿನ ಮೇಲೆ ‘ಸೋತವರು ಮೊದಲು ಬರಬೇಕು’ ಎಂದು ಬರೆದಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

“ಆಗಲಿ ಬಿಡು. ಅವಳು ಸೋತ್ರೆ ಅವಳು ಬರಲಿ, ನೀನು ಸೋತ್ರೆ ನೀನು ಹೋಗು. ನಾನು ಬೇಡ ಅನ್ನಲ್ಲ. ನಾನಾಗಿ ಮಾತ್ರ ಕರೆಯೋನಲ್ಲ.”

ಅವರಿಗೂ ಮಗಳು ಬೇಕಾಗಿತ್ತು. ತಾವು ಬಗ್ಗದೆ ಅವಳು ಬರುವ ದಾರಿ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದರು. ಬೆಳಗಿನ ಬಸ್ಸಿಗೆ ನನ್ನ ಸರದಿ ಹೋಗುತ್ತಿತ್ತು, ಸಂಜೆಯ ಬಸ್ಸಿಗೆ ಅಕ್ಕನ ಸರದಿ ಬರುತ್ತಿತ್ತು. ಕಂಡಕ್ಟರ್ ಫ್ಲಾಪಿಯನ್ನು ಡ್ರೈವರ್ ತಲೆಯ ಮೇಲಿನ ದೇವರ ಪಟದ ಹಿಂದೆ ಸಿಕ್ಕಿಸಿಕೊಂಡು ಜಾವಗಲ್, ಹಳೇಬೀಡು ದಾಟಿಸುತ್ತಿದ್ದ.

ಮೊದಲು ಒಂದು ಸರದಿಗೆ ನೂರು ವರ್ಷ ಸರಿಯುತ್ತಿತ್ತು. ತಿಂಗಳೆರಡು ತಿಂಗಳಲ್ಲಿ ನಾಲ್ಕು ಸಾವಿರ ವರ್ಷ ಮುಗಿದೇಹೋಯಿತು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಅಪ್ಪ ಬೆರಳು ಮಡಚಿ, “ಇದೇ ಲೆಕ್ಕದಲ್ಲಿ ಹೋದ್ರೆ ಇನ್ನೊಂದು ತಿಂಗಳು ಕಣೇ, ನಿನ್ನ ಮೊಮ್ಮಗು ಮಡಿಲಲ್ಲಿರುತ್ತೆ” ಎಂದು ಅಮ್ಮನಿಗೆ ಹೇಳಿದರು. ಅಮ್ಮ ಹಳೆಯ ರೇಷ್ಮೆ ಸೀರೆ ಹರಿದು ಕುಲಾವಿ ಹೊಲಿದಿಟ್ಟಳು.

ಆಟದ ಇಸವಿ ಬೇಲೂರಿನ ಗುಡಿ ಕಟ್ಟಿದ ಹನ್ನೆರಡನೇ ಶತಮಾನಕ್ಕೆ ಬಂದಾಗ ಹಾಸನದಲ್ಲಿ ಹೆಣ್ಣುಮಗು ಹುಟ್ಟಿತು. ಸುದ್ದಿ ತಂದವನು ಕಂಡಕ್ಟರೇ. ಬಾಣಂತನದಲ್ಲಿ ಕೆಲವು ವಾರ ಫ್ಲಾಪಿ ಬರಲಿಲ್ಲ. ಮತ್ತೆ ಬರತೊಡಗಿದಾಗ ಇಸವಿ ಕುಂಟುತ್ತಿತ್ತು. ಸರದಿಗೆ ನೂರು ವರ್ಷವಿದ್ದದ್ದು ಇಪ್ಪತ್ತಕ್ಕೆ ಇಳಿದಿದ್ದು ಮೊದಲೇ ಕಂಡಿತ್ತು, ಈಗ ಇಪ್ಪತ್ತು ಹೋಗಿ ಐದಾಯಿತು. ಹದಿನಾರನೇ ಶತಮಾನಕ್ಕೆ ಕಾಲಿಟ್ಟ ಮೇಲೆ ಒಂದು ಸರದಿಗೆ ಒಂದೇ ವರ್ಷ. ಸೈನ್ಯ, ಹಡಗು, ಊರುಗಳು ಹೆಚ್ಚಾಗಿ ಒಂದೊಂದು ಸರದಿಗೂ ಅರ್ಧ ದಿನ ಹಿಡಿಯುತ್ತಿತ್ತು. ಮಗುವಿರುವ ಅಕ್ಕನಿಗೆ ಎರಡು ದಿನ, ಮೂರು ದಿನ.

“ಏನೋ ಇದು, ಮೊನ್ನೆಯಿಂದ ಒಂದು ವರ್ಷ ತಾನೇ ಆಗಿರೋದು?” ಎಂದರು ಅಪ್ಪ.

“ಹಳೇ ಕಾಲದಲ್ಲಿ ಏನೂ ನಡೀಲಿಲ್ಲ ಅಂತ ಬೇಗ ಓಡಿಸ್ತಾರಪ್ಪ. ನಮ್ಮ ಕಾಲ ಹತ್ತಿರ ಬಂದಹಾಗೆ ನಿಧಾನ.”

“ಹಿಂದಿನೋರೇನು ಮಲಗಿದ್ರಾ?” ಎಂದು ಸಿಡುಕಿದರು. ತಮ್ಮ ಲೆಕ್ಕ ತಪ್ಪಿದ್ದಕ್ಕೆ ಆ ಸಿಡುಕು. ನಾನು ಕೂತು ಲೆಕ್ಕ ಹಾಕಿದಾಗ ಇನ್ನೂ ವರ್ಷಗಟ್ಟಲೆ ಬಾಕಿ ಉಳಿದಿತ್ತು.

ಅಷ್ಟರಲ್ಲಿ ಅಮ್ಮ ಅಕ್ಕಿಯಲ್ಲಿ ಕಲ್ಲು ಬಿಡತೊಡಗಿದ್ದಳು. ಹೊಸಿಲು ಎಡವಿದಳು. ಹಾಸನದ ಡಾಕ್ಟರು ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದು ಹನಿಮದ್ದು ಬರೆದರು. ಅಕ್ಕನಿಗೆ ತಿಳಿಸುತ್ತೇನೆ ಎಂದೆ.

“ಬೇಡ ಕಣೋ. ಹಾಲೂಡೋ ಹುಡುಗಿ, ಗಾಬರಿಯಾಗ್ತಾಳೆ. ನೀನು ಬೇಗ ಆಟ ಮುಗಿಸು, ಮಗೂನ ನೋಡ್ಬೇಕು ನಾನು.”

ಅಕ್ಕ ಸುಲಭಕ್ಕೆ ಗೆಲ್ಲಲು ಬಿಡುವವಳಲ್ಲ; ಬೇಗ ಮುಗಿಸುವ ದಾರಿ ಒಂದೇ, ಸೋಲುವುದು. ಸಿಡುಕನಾದ ನಾನು ಜೀವನದಲ್ಲಿ ಮೊದಲ ಸಲ ಸೋಲಲು ಕೂತೆ. ಗಡಿಯ ಕೋಟೆಗಳಿಂದ ಸೈನಿಕರನ್ನು ತೆಗೆದೆ. ರಾಜಧಾನಿಯ ಬಾಗಿಲನ್ನೂ ಹಾರುಹೊಡೆದು ಕಳಿಸಿದೆ. ಮೂರನೇ ದಿನ ಫ್ಲಾಪಿ ಬಂದಾಗ ನೋಡಿದರೆ ಅಕ್ಕನ ಸೈನ್ಯ ಒಳಗೆ ಬರುವುದಿರಲಿ, ಹತ್ತು ಹೆಜ್ಜೆ ಹಿಂದೆ ಸರಿದಿತ್ತು. ಮುಂದಿನ ಸರದಿಯಲ್ಲಿ ಅವಳ ಗಡಿಯ ಊರುಗಳೂ ಖಾಲಿ. ಏನೋ ಬಲೆ ಬೀಸಿದ್ದಾಳೆ, ಭಾರೀ ಕಿಲಾಡಿ ಎಂದುಕೊಂಡೆ. ನಾನೂ ಮತ್ತಷ್ಟು ಹಿಂದೆ ಸರಿದೆ. ಹೀಗೆ ತಿಂಗಳುಗಟ್ಟಲೆ ಎರಡು ರಾಜ್ಯಗಳ ನಡುವೆ ಯಾರೂ ಇಲ್ಲದ ಬಯಲು, ಮೂಲೆಯಲ್ಲಿ ಒಂದೊಂದೇ ವರ್ಷ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಬಾಗಿಲ ತುಂಬ ಬಿಸಿಲಿತ್ತು. ಅಮ್ಮ ನನ್ನತ್ತ ತಿರುಗಿ, “ಯಾರು?” ಎಂದಳು.

ಅಪ್ಪ ಕುರ್ಚಿಯಿಂದ ಎದ್ದು ನಿಂತರು. “ಆಟ ಸಾಕು. ಹೋಗಿ ಕರ್ಕೊಂಡು ಬಾ.”

ಅದೇ ಬಸ್ಸು. ದೇವರ ಪಟದ ಕೆಳಗಿನ ಸೀಟಿನಲ್ಲೇ ಕೂತೆ. ಇಷ್ಟು ಕಾಲ ಫ್ಲಾಪಿ ಹೋಗಿಬರುತ್ತಿದ್ದ ದಾರಿಯಲ್ಲಿ ನಾನೂ ಹೋಗಿದ್ದರೆ ಯಾರು ಹಿಡಿಯುತ್ತಿದ್ದರು? ಹಳೇಬೀಡು ಬರುವಷ್ಟರಲ್ಲಿ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಬೇಲೂರಿನಲ್ಲಿ ಬಾಗಿಲು ತೆಗೆದವರು ಅಕ್ಕನ ಅತ್ತೆ. ವಿಷಯ ಕೇಳಿ ಅವರೇ ಒಳಗೆ ಹೋಗಿ ಮಗುವಿನ ಬಟ್ಟೆ ಬ್ಯಾಗಿಗೆ ತುಂಬಿದರು.

“ಇಷ್ಟು ದಿನ ಯಾಕಪ್ಪ ಬರ್ಲಿಲ್ಲ? ನಾವೇನು ಬಾಗಿಲು ಹಾಕ್ಕೊಂಡಿದ್ವಾ?” ಎಂದರು.

ಮಗುವಿಗೆ ಆಗಲೇ ಹೆಜ್ಜೆ ಬಂದಿತ್ತು. ಅರಸೀಕೆರೆಗೆ ಕರೆತಂದಾಗ ಅಮ್ಮ ಅದನ್ನು ಮಡಿಲಿಗೆ ಎಳೆದುಕೊಂಡು ಹಣೆ, ಮೂಗು, ಗಲ್ಲ ಎಲ್ಲ ಬೆರಳಿಂದ ಸವರಿದಳು. ಕುಲಾವಿ ತರಿಸಿ ಹಾಕಿನೋಡಿದಳು. ತಲೆಗೆ ಹಿಡಿಸಲಿಲ್ಲ.

“ಯಾರ ಥರ ಇದೀಯೇ ನೀನು?” ಎಂದು ಕೇಳಿದಳು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ, ನಮ್ಮನ್ನು ನಗಿಸಲೆಂದೇ ಇರಬೇಕು, “ಅಂತೂ ಸೋತಿದ್ದು ಯಾರ್ರೋ?” ಎಂದಳು.

“ನಾನಮ್ಮ” ಎಂದೆ. ಅದೇ ಕ್ಷಣ ಅಕ್ಕನೂ “ನಾನು ಕಣಮ್ಮ” ಎಂದಳು.

ಇಬ್ಬರೂ ಮುಖ ನೋಡಿಕೊಂಡೆವು. ಅವಳ ಸೈನ್ಯ ಯಾಕೆ ಹಿಂದೆ ಸರಿಯುತ್ತಿತ್ತೆಂದು ನನಗೆ ಆಗ ತಿಳಿಯಿತು. ತವರಿಗೆ ಬರಲು ಅವಳೂ ಅಷ್ಟೂ ತಿಂಗಳು ಸೋಲಲೆಂದೇ ಆಡಿದ್ದಳು. ಇಬ್ಬರಲ್ಲಿ ಒಬ್ಬರು ಗೆಲ್ಲಲು ಮನಸ್ಸು ಮಾಡಿದ್ದರೆ ಕೆಲವೇ ವಾರಗಳಲ್ಲಿ ಆಟ ಮುಗಿದು, ಅಮ್ಮ ಮೊಮ್ಮಗಳ ಮುಖ ನೋಡಿರುತ್ತಿದ್ದಳು.