ಬೆಂಬಲ ಸಿಗದ ಬೋರಾ

ಬುಸಾನ್ ಬಂದರಿನ ಮೇಲಿನ ಗುಡ್ಡದ ಶಾಲೆಯಲ್ಲಿ ಗುಕ್ ಜಂಗ್‌ಸುಕ್ ಅವರಿಗೆ ಮಕ್ಕಳ ಕ್ಷೇಮ ನೋಡಿಕೊಳ್ಳುವ ಕೆಲಸ. ಪಾಠವೊಂದು ಬಿಟ್ಟು ಉಳಿದದ್ದೆಲ್ಲ ಅವರ ಪಾಲಿಗೆ. ಹಸಿದು ಬಂದವರಿಗೆ ಊಟ, ಹಲ್ಲುನೋವಿಗೆ ಡಾಕ್ಟರು, ಬೋರ್ಡು ಕಾಣದವರಿಗೆ ಕನ್ನಡಕ. ಅವರ ಮನೆತನದ ಹೆಸರಿಗೂ ಸಾರಿಗೂ ಅಲ್ಲಿ ಒಂದೇ ಮಾತು, ಗುಕ್. ಹೀಗಾಗಿ ಮಕ್ಕಳ ಬಾಯಲ್ಲಿ ಅವರು ‘ಸಾರು ಮಿಸ್’.

ಇದರಿಂದೆಲ್ಲ ಅಂಕ ಹೆಚ್ಚುತ್ತದೆಯೇ ಎಂದು ಶಿಕ್ಷಣ ಕಚೇರಿಗೆ ಅನುಮಾನ ಬಂತು. ಪರೀಕ್ಷಿಸಲು ಡಾಕ್ಟರ್ ತಾಕ್ ಎಂಬ ಸಂಶೋಧಕರು ಬಂದರು. ನಾಲ್ಕನೇ ತರಗತಿಯ ಅವಳಿ ಹುಡುಗಿಯರಾದ ಹಾನಾ, ಬೋರಾ ಇಬ್ಬರನ್ನು ಕಂಡು ಅವರಿಗೆ ನಿಧಿ ಸಿಕ್ಕಂತಾಯಿತು. ಒಂದೇ ಮುಖ, ಒಂದೇ ಮನೆ, ಒಂದೇ ಬಡತನ!

“ಹಾನಾಗೆ ಎಲ್ಲಾ ಕೊಡಿ. ಬೋರಾಗೆ ಏನೂ ಕೊಡ್ಬೇಡಿ. ಅವಳನ್ನ ನೋಡಿ ನಗೋದೂ ಬೇಡ.”

“ಅಯ್ಯೋ, ನಗು ಹೇಳಿ ಕೇಳಿ ಬರುತ್ತಾ ಸಾರ್?”

“ತಡ್ಕೊಳ್ಳಿ. ಇದು ವಿಜ್ಞಾನ.”

ಗುಕ್ ಮಿಸ್ ತಡೆದುಕೊಂಡರು. ಆದರೆ ಹುಳುಕು ಹಲ್ಲೂ ಮಂದ ದೃಷ್ಟಿಯೂ ಇದ್ದದ್ದು ಬೋರಾಗೆ. ಹಾನಾಳ ಕಣ್ಣು ಹದ್ದಿನದು. ಆದರೂ ಕನ್ನಡಕ ಹಾನಾಗೇ ಬಂತು. ಅದನ್ನು ಹಾಕಿಕೊಂಡು ಅವಳು ಬಾಗಿಲು ಎಂದು ಬೀರುವಿನೊಳಗೆ ನಡೆದಳು.

ಒಂದು ದಿನ ಅವಳಿಗಳ ಅಜ್ಜಿ ಮೀನು ಮಾರುಕಟ್ಟೆಯಿಂದ ಏಪ್ರನ್ನಿನಲ್ಲೇ ಬಂದು ಜಗಳಕ್ಕೆ ನಿಂತಳು. “ಏನಮ್ಮಾ, ಹಾನಾ ಹಲ್ಲಲ್ಲಿ ಕಲ್ಲು ಕಡೀತಾಳೆ, ಅವಳನ್ನ ಡಾಕ್ಟ್ರ ಹತ್ರ ಕರ್ಕೊಂಡೋಗ್ತೀಯ. ಬೋರಾ ನೋವಿಗೆ ಅಳ್ತಾಳೆ, ಅವಳು ಎದುರಿಗೆ ಬಂದ್ರೆ ಗೋಡೆ ನೋಡ್ತೀಯ!”

“ಏನ್ ಮಾಡ್ಲಿ ಅಜ್ಜಿ, ಬೋರಾನ ಹೋಲಿಕೆಗೆ ಅಂತ ಡಾಕ್ಟರ್ ತಾಕ್ ಇಟ್ಟಿದಾರೆ.”

“ಹೋಲಿಕೆ ಹುಟ್ಟಿದಾಗಿಂದ ಇದೆಯಲ್ಲೇ! ಅದಕ್ಕೆ ಡಾಕ್ಟ್ರು ಯಾಕೆ?”

ಮರುದಿನ ಕೆನ್ನೆ ಊದಿಸಿಕೊಂಡ ಹುಡುಗಿಯೊಬ್ಬಳು ಬಂದು ನಿಂತಳು.

“ನೀನು ಹಾನಾ ತಾನೆ?” ಗುಕ್ ಮಿಸ್ ಕೇಳಿದರು.

ಬೋರಾ ನೆಲ ನೋಡುತ್ತ, “ಹೂಂ ಮಿಸ್” ಎಂದಳು.

“ಹಾಗಾದ್ರೆ ನಡಿ, ಹಲ್ಲು ತೋರ್ಸೋಣ.”

ಅಂದಿನಿಂದ ಬೆಳಗಿನ ಊಟಕ್ಕೆ ಹಾನಾ ಎರಡೆರಡು ಸಲ ಬರತೊಡಗಿದಳು. ಒಬ್ಬ ಹಾನಾ ಉಂಡು ಎದ್ದರೆ ಇನ್ನೊಬ್ಬ ಹಾನಾ ಕೂರುತ್ತಿದ್ದಳು, ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು. ತಾಕ್ ಹುಬ್ಬೇರಿಸಿದರೆ ಗುಕ್ ಮಿಸ್, “ಬೆಳೆಯೋ ಮಗು ಸಾರ್” ಎನ್ನುವರು. ಸಾರಿನ ಪರಿಮಳಕ್ಕೆ ಸೋತ ತಾಕ್ ತಮ್ಮ ಬಟ್ಟಲನ್ನೂ ಮುಂದಕ್ಕೆ ತಳ್ಳುವರು.

ವರ್ಷದ ಕೊನೆಗೆ ಅವಳಿಗಳಿಬ್ಬರ ಅಂಕವೂ ಸರಿಸಮವಾಗಿ ಮೇಲೇರಿತು. ಗುಕ್ ಮಿಸ್ ಕುಣಿಯುವುದೊಂದು ಬಾಕಿ. ತಾಕ್ ಮಾತ್ರ ಸಪ್ಪೆ ಮುಖ ಮಾಡಿದರು.

“ಸಿಕ್ಕವಳೂ ಸಿಗದವಳೂ ಒಂದೇ ಸಮ ಅಂದ್ರೆ ಬೆಂಬಲದಿಂದ ಪ್ರಯೋಜನ ಇಲ್ಲ ಅಂತಾಯ್ತು.”

ಗುಕ್ ಮಿಸ್ಸಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಸಾರ್, ಎರಡನೇ ಸಲ ಉಂಡೋಳು ಬೋರಾ. ಕನ್ನಡಕಾನೂ ಅವಳೇ ಹಾಕ್ಕೊಂಡಿದ್ದು.”

ತಾಕ್ ಎರಡೂ ಕಿವಿ ಮುಚ್ಚಿಕೊಂಡರು. “ನಾನು ಕೇಳಿಸ್ಕೊಂಡಿಲ್ಲ. ವರದಿ ಕಳಿಸಿ ಆಗಿದೆ!”

ವರದಿ ಓದಿದ ಕಚೇರಿಯವರಿಗೆ ಬೋರಾ ಬಹಳ ಹಿಡಿಸಿದಳು. ಏನೂ ಸಿಗದೆಯೇ ಇಷ್ಟು ಮುಂದೆ ಬಂದಳಲ್ಲ! ಮುಂದಿನ ವರ್ಷದಿಂದ ಶಾಲೆಯ ಎಲ್ಲ ಮಕ್ಕಳಿಗೂ ‘ಬೆಂಬಲವಿಲ್ಲದ ಯೋಜನೆ’ ಎಂದು ಆದೇಶವಾಯಿತು. ಹೊಸ ಯೋಜನೆ ಎಂದ ಮೇಲೆ ಅದಕ್ಕೆ ಹಣ ಬಂತು, ಮೊದಲಿಗಿಂತ ಹೆಚ್ಚೇ ಬಂತು. ನಡೆಸಲು ಅನುಭವಿಗಳೂ ಬೇಕಲ್ಲ. ಬೆಂಬಲ ಸಿಗದ ಮಗುವನ್ನು ಅಷ್ಟು ಚೆನ್ನಾಗಿ ನೋಡಿಕೊಂಡ ಗುಕ್ ಅವರನ್ನೇ ನೇಮಿಸಿದರು.

ಗಾಬರಿಯಾಗಿ ಅವರು ಹೆಡ್‌ಮಾಸ್ಟರ ಬಳಿ ಓಡಿದರು. “ನಾನೀಗ ಏನ್ ಮಾಡ್ಬೇಕು ಸಾರ್?”

ಹೆಡ್‌ಮಾಸ್ಟರು ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಬೋರಾಗೆ ಏನು ಮಾಡಿದ್ರೋ ಅದನ್ನೇ ಎಲ್ಲರಿಗೂ ಮಾಡಿ ಅಂತಿದೆ.”

ಗುಕ್ ಮಿಸ್ ನೆಟ್ಟಗೆ ಪೇಟೆಗೆ ಹೋಗಿ ದೊಡ್ಡ ಪಾತ್ರೆಯೊಂದನ್ನು ಕೊಂಡು ತಂದರು. ಶಾಲೆ ತೆರೆದ ಬೆಳಿಗ್ಗೆ ಸಾಲು ಗೇಟಿನವರೆಗೂ ಇತ್ತು. ಅಜ್ಜಿ ಒಂದು ಬುಟ್ಟಿ ಚಿಪ್ಪುಮೀನು ಹೊತ್ತು ಬಂದಳು, ಸೌಟಿನಲ್ಲಿ ಸಾರಿನ ರುಚಿ ನೋಡಿದಳು, ಉಪ್ಪು ಕಮ್ಮಿ ಎಂದು ಎಲ್ಲರ ಮುಂದೆ ಬೈದಳು.