ತಗಡಿನ ಹೆಬ್ಬಾತು

ನಮ್ಮ ಮನೆಯಲ್ಲಿ ಕೆಟ್ಟುಹೋದ ವಸ್ತು ಒಂದೂ ಇಲ್ಲ. ರಿಪೇರಿ ಆಗಬೇಕಾದವು ಮಾತ್ರ ಇವೆ. ಮೂರು ಮಿಕ್ಸರ್, ಎರಡು ಇಸ್ತ್ರಿ ಪೆಟ್ಟಿಗೆ, ರೆಕ್ಕೆ ಕಳೆದುಕೊಂಡ ಒಂದು ಫ್ಯಾನು, ಅದಕ್ಕೆಂದು ತಂದು ಅದಕ್ಕೆ ಕೂಡದೇ ಹೋದ ಬೇರೆ ಫ್ಯಾನಿನ ರೆಕ್ಕೆಗಳು, ಇವೆಲ್ಲ ಅಟ್ಟದ ಮೇಲೆ ನನ್ನ ಬಿಡುವಿಗಾಗಿ ಕಾಯುತ್ತಿವೆ. ನಾನು ನೌಕರಿಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಬಿಡುವು ಇನ್ನೂ ಸಿಕ್ಕಿಲ್ಲ.

ಇಂಥ ಮನುಷ್ಯನಿಗೆ ದೇವರು ಗಿರಿಜಾಳಂಥ ತಂಗಿಯನ್ನು ಕೊಡಬಾರದಿತ್ತು. ಅವಳು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಉಳಿದ ವೇಳೆಯಲ್ಲಿ ಹಳೆಯ ಕಬ್ಬಿಣ, ತಗಡುಗಳನ್ನು ಬೆಸೆದು ಶಿಲ್ಪ ಮಾಡುತ್ತಾಳೆ. ಬೆಟಗೇರಿಯಲ್ಲಿ ಅಪ್ಪ ಮಗ್ಗ ಹಾಕಿದ್ದ ಕೋಣೆಯೇ ಈಗ ಅವಳ ಕೆಲಸದ ಜಾಗ. ಸೀರೆ ನೇಯುತ್ತಿದ್ದ ಕೋಣೆಯಿಂದ ಕಿಡಿ ಹಾರುವುದನ್ನು ಕಂಡ ಓಣಿಯ ಮಂದಿ, “ಗಿರಿಜವ್ವ ಗ್ಯಾರೇಜ್ ಹಾಕ್ಯಾಳ” ಎಂದುಕೊಂಡು ಸೈಕಲ್ಲಿನ ಮುರಿದ ಸ್ಟ್ಯಾಂಡು ಹಿಡಿದು ಬರತೊಡಗಿದರು. ಅವಳು ಅದನ್ನೂ ಬೆಸೆದು ಕೊಟ್ಟಳು. ಅಷ್ಟು ಸ್ಪಷ್ಟವಾದ ಮೆಚ್ಚುಗೆ ಅವಳ ಕಲೆಗೆ ಆಮೇಲೆ ಎಲ್ಲಿಯೂ ಸಿಕ್ಕಂತಿಲ್ಲ.

ಹೋದ ಚಳಿಗಾಲ ಲಕ್ಷ್ಮೇಶ್ವರದ ಶಾಲೆಯೊಂದು ತನ್ನ ಅಂಗಳಕ್ಕೆ ಒಂದು ಶಿಲ್ಪ ಮಾಡಿಕೊಡಲು ಅವಳನ್ನು ಕೇಳಿತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿವರ್ಷ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತನ್ನೇ ಮಾಡುತ್ತೇನೆಂದು ಗಿರಿಜಾ ಹಟ ಹಿಡಿದಳು. “ಮಂದಿ ಕೊಂಡು ಕೊಂಡು ಒಗದ ಸಾಮಾನಿನಾಗ, ಏನೂ ಕೊಳ್ಳಲಾರದ ಹಕ್ಕಿ ಮಾಡ್ತೀನಿ” ಎಂದಳು. ಹಕ್ಕಿಯನ್ನು ನೋಡಿ ಬರಲು ನನ್ನನ್ನೂ ಕರೆದೊಯ್ದಳು.

ಗದಗದಿಂದ ಮಾಗಡಿ ದೂರವೇನಲ್ಲ. ಆದರೂ ನಾನು ಮಡಿಚುವ ಕುರ್ಚಿ, ಚಹದ ಫ್ಲಾಸ್ಕು, ಟೊಪ್ಪಿಗೆ, ಬಿಸಿಲಿಗೊಂದು ಛತ್ರಿ, ಆನ್‌ಲೈನಿನಲ್ಲಿ ರಿಯಾಯಿತಿಗೆ ಬಂದ ದುರ್ಬೀನು, ಇಷ್ಟನ್ನು ಎರಡು ಚೀಲಗಳಲ್ಲಿ ತುಂಬಿಕೊಂಡಿದ್ದೆ. ಬೆಳಗಿನ ಬಿಸಿಲೇರುವ ಹೊತ್ತಿಗೆ ಹೊಲಗಳ ಕಡೆಯಿಂದ ಹೆಬ್ಬಾತುಗಳು ಸಾಲುಸಾಲಾಗಿ ಬಂದು ಕೆರೆಗಿಳಿದವು. ಮಂಗೋಲಿಯಾದ ಕಡೆಯಿಂದ ಬಂದವಂತೆ. ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದೆ. ಒಂದರ ಬಳಿಯೂ ಚೀಲವಿರಲಿಲ್ಲ.

ಮರುವಾರ ಗಿರಿಜಾ ಸಾಮಾನಿಗಾಗಿ ನಮ್ಮ ಮನೆಗೆ ಬಂದಳು. ಅಟ್ಟದಿಂದ ಇಳಿದ ಒಂದೊಂದು ವಸ್ತುವಿನ ಪರವಾಗಿಯೂ ನಾನು ವಕಾಲತ್ತು ವಹಿಸಿದೆ. ಸಂಜೆಯವರೆಗೆ ವಾದ ನಡೆದು, ಒಂದು ಇಸ್ತ್ರಿ ಪೆಟ್ಟಿಗೆ ಮತ್ತು ಫ್ಯಾನಿನ ರೆಕ್ಕೆಗಳು ಅವಳ ಪಾಲಾದವು. ಇಷ್ಟಕ್ಕೆ ಮುಗಿಯಿತೆಂದು ನಾನು ಉಸಿರು ಬಿಡುವಾಗ ಅವಳು ಹಿತ್ತಲ ಕೋಣೆಗೆ ಹೋಗಿ, ಹಳೆಯ ಸೀರೆ ಹೊದಿಸಿದ್ದ ವಾಷಿಂಗ್ ಮಶೀನಿನ ಮುಂದೆ ನಿಂತಳು.

ಆ ಮಶೀನಿನ ವಿಷಯ ಹೇಳಬೇಕು. ನಮ್ಮ ಅವ್ವನ ತವರೂರು ತುಂಗಭದ್ರೆಯ ದಂಡೆಯ ಹಮ್ಮಿಗಿ. ಮದುವೆಯಾಗಿ ಬೆಟಗೇರಿಗೆ ಬಂದು ಎಷ್ಟು ವರ್ಷವಾದರೂ ದಸರಾ ಹತ್ತಿರ ಬಂದಾಗ ಮನೆಯ ಕೌದಿಗಳನ್ನು ಗಂಟು ಕಟ್ಟಿ, “ಒಂದ ದಿನ ಹಮ್ಮಿಗಿಗೆ ಕರಕೊಂಡು ಹೋಗಪಾ, ಹೊಳ್ಯಾಗ ಕೌದಿ ತೊಳಕೊಂಡು ಬರೂಣು” ಎನ್ನುತ್ತಿದ್ದಳು. ನನಗೆ ಆಫೀಸು. ರವಿವಾರ ದಣಿವು. ಎರಡು ದಸರೆ ಹಾಗೇ ಕಳೆದವು. ಮೂರನೆಯದಕ್ಕೆ ನಾನು ಹಬ್ಬದ ಆಫರಿನಲ್ಲಿ ವಾಷಿಂಗ್ ಮಶೀನು ತಂದು ಇಳಿಸಿದೆ. ಮಾತೃಸೇವೆ ಮಾಡಿದೆನೆಂದು ಆಫೀಸಿನಲ್ಲೆಲ್ಲ ಪೇಢೆ ಹಂಚಿದೆ.

ಅವ್ವ ಮಶೀನಿನ ಸುತ್ತ ಒಂದು ಸಲ ತಿರುಗಿ, ಮುಚ್ಚಳ ತೆಗೆದು ಇಣುಕಿದಳು. “ಚೊಲೊ ಐತಪಾ. ಆದ್ರ ಹೊಳ್ಯಾಗಾದ್ರ ಮಾತಾಡಾಕ ಮಂದಿ ಇರ್ತಾರ” ಎಂದಳು. ಅಂದೇ ಸಂಜೆ ಕೌದಿಗಳನ್ನು ಮಡಿಚಿ ಅದರೊಳಗಿಟ್ಟು ಮುಚ್ಚಿದಳು. ಇಲಿ ಬರುವುದಿಲ್ಲವೆಂದು ಅದರ ಗುಣವನ್ನು ಬಂದವರಿಗೆಲ್ಲ ವರ್ಣಿಸಿದಳು. ಅತ್ತೆಯ ಟ್ರಂಕಿಗೆ ನೀರು ಬಿಡುವ ಧೈರ್ಯ ನನ್ನ ಹೆಂಡತಿಗೂ ಆಗಲಿಲ್ಲ. ಮುಂದೆ ಅವ್ವ ಹಮ್ಮಿಗಿಯ ಮಾತೆತ್ತಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಕೌದಿಗಳು ಮಶೀನಿನಲ್ಲೇ ಉಳಿದವು.

“ಇದನ್ನ ಕೊಡು ಅಣ್ಣಾ,” ಎಂದಳು ಗಿರಿಜಾ.

“ಅದು ಅವ್ವನ ನೆನಪಲೇ.”

“ಅವ್ವಂದು ಕೌದಿ,” ಎಂದಳು ಅವಳು. “ಮಶೀನ ನಿಂದು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟಾಗಿ ಮಶೀನನ್ನು ಉಳಿಸಿಕೊಳ್ಳುತ್ತಿದ್ದೆ. ಸುಮ್ಮನೆ ಕೌದಿಗಳನ್ನು ಹೊರತೆಗೆದು ಮಂಚದ ಮೇಲಿಟ್ಟೆ. ಆ ಕೆಲಸಕ್ಕೆ ಬಹಳ ಹೊತ್ತು ಹಿಡಿಯಿತು. ಕೌದಿಗಳಿದ್ದದ್ದು ನಾಲ್ಕು.

ಎರಡು ತಿಂಗಳಲ್ಲಿ ಹೆಬ್ಬಾತು ಸಿದ್ಧವಾಯಿತು. ಮಶೀನಿನ ತೂತುತೂತಿನ ಡ್ರಮ್ಮು ಅದರ ಹೊಟ್ಟೆ. ಮೈತಗಡು, ಫ್ಯಾನಿನ ರೆಕ್ಕೆ ಎಲ್ಲ ಸೇರಿ ಅದರ ರೆಕ್ಕೆಗಳು. ಇಸ್ತ್ರಿ ಪೆಟ್ಟಿಗೆಯ ತುದಿಯೇ ಕೊಕ್ಕು. ತಲೆಯ ಮೇಲೆ ಕಬ್ಬಿಣದ ಎರಡು ಕಪ್ಪು ಪಟ್ಟಿ. ಕೆಳಗಿನ ಫಲಕದಲ್ಲಿ, ‘ಬಳಸಿದ ಸಾಮಗ್ರಿ: ಬಳಸದ ವಾಷಿಂಗ್ ಮಶೀನು, ಇತರೆ’ ಎಂದು ಬರೆಸಿದ್ದಳು.

ಅನಾವರಣದ ಖರ್ಚನ್ನು ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವರು ವಹಿಸಿಕೊಂಡಿದ್ದರು. ಮಾಲೀಕರು ಮಾತನಾಡುತ್ತ, ಬೇಡದ್ದನ್ನು ಕೊಳ್ಳುವ ಚಟದಿಂದ ನಿಸರ್ಗ ಹಾಳಾಗುತ್ತಿದೆ ಎಂದು ಮನಮುಟ್ಟುವಂತೆ ಹೇಳಿದರು. ಬಳಿಕ ಹಳೆಯದು ಕೊಟ್ಟು ಹೊಸದು ಒಯ್ಯುವ ಮೇಳದ ಚೀಟಿಗಳನ್ನು ಹಂಚಿಸಿದರು. ನಾನು ಎರಡು ತೆಗೆದುಕೊಂಡೆ.

ಮಂದಿ ಹೆಬ್ಬಾತಿನೊಂದಿಗೆ ಫೋಟೋ ತೆಗೆಸಿಕೊಂಡು ಚದುರಿದರು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಮಾಗಡಿ ಕಡೆಯ ಒಬ್ಬ ರೈತ ಮಾತ್ರ ಅದರ ಸುತ್ತ ನಿಧಾನವಾಗಿ ತಿರುಗುತ್ತಿದ್ದ.

“ಥೇಟ್ ಹಂಗ ಐತಿ ನೋಡ್ರಿ,” ಎಂದ. “ನಮ್ಮ ಹೊಲಕ್ಕ ಬರೂವು ಎಳೀ ಕಡ್ಲಿ ಎಲ್ಲಾ ತಿಂತಾವ್ರಿ. ಓಡಸೂಣು ಅಂತ ಹೋಗ್ತೀನಿ, ಹೋಗಿ ನೋಡಕೋತ ನಿಲ್ತೀನಿ. ಅಷ್ಟ ದೂರದಿಂದ ಬಂದಾವ, ಉಣ್ಣಬ್ಯಾಡ್ರಿ ಅನ್ನಾಕ ಆಗತೈತೇನ್ರಿ?”

“ಇದು ಏನೂ ತಿನ್ನೂದಿಲ್ರಿ ಕಾಕಾ,” ಎಂದು ಗಿರಿಜಾ ನಕ್ಕಳು.

ರೈತ ಡ್ರಮ್ಮಿನ ಮೇಲೆ ಮೆಲ್ಲಗೆ ಒಮ್ಮೆ ಬಡಿದು ನೋಡಿದ. “ತಿನ್ನೂದಿಲ್ಲ, ಖರೆ. ಆದ್ರ ಇದು ಬರೂದೂ ಇಲ್ಲಲ್ರಿ.”

ಮೊಮ್ಮಗಳ ಕೈ ಹಿಡಿದು ಹೊರಟುಹೋದ. ಬೆಳಗಿನಿಂದ ಎಲ್ಲರ ಹೊಗಳಿಕೆಯನ್ನು ನಿಂತುಕೊಂಡೇ ಕೇಳಿದ್ದ ಗಿರಿಜಾ ಈಗ ಕಟ್ಟೆಯ ಮೇಲೆ ಕುಳಿತಳು. ಅವನು ಗೇಟು ದಾಟುವವರೆಗೂ ಅತ್ತಲೇ ನೋಡಿದಳು. ಆಮೇಲೆ ಹೆಬ್ಬಾತನ್ನು ನೋಡಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ, ಹಮ್ಮಿಗಿಯ ಮಾತನ್ನೂ ಎತ್ತಲಿಲ್ಲ. ತಂಗಿಯರಲ್ಲಿ ಅದು ಅಪರೂಪದ ಗುಣ.