ಹದಿನೈದು ಇಂಚಿನ ಸಾಕ್ಷಿ

ನಮ್ಮ ಸೋದರತ್ತೆಯ ಹೊಲಿಗೆ ಅಂಗಡಿ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿದೆ. ಉದ್ದ ಎಂಟಡಿ, ಅಗಲ ಆರಡಿ. ಎತ್ತರ ಮಾತ್ರ ಬಾಗಿಲ ಬಳಿ ಹತ್ತಡಿ, ಒಳಗೆ ಹೋದ ಹಾಗೆ ಮೂರಡಿ, ಯಾಕೆಂದರೆ ಮೇಲೆ ಮೆಟ್ಟಿಲು ಇಳಿಯುತ್ತದೆ. ಎತ್ತರದ ಕಡೆ ಗಿರಾಕಿ ನಿಂತು ಅಳತೆ ಕೊಡುತ್ತಾನೆ, ತಗ್ಗಿನ ಕಡೆ ಅತ್ತೆ ಕೂತು ಹೊಲಿಯುತ್ತಾಳೆ. ನಲವತ್ತನಾಲ್ಕು ವರ್ಷದಿಂದ ಊರಿನ ಜನ ಅವಳ ತಲೆಯ ಮೇಲೆ ಹತ್ತಿ ಇಳಿಯುತ್ತಿದ್ದಾರೆ. ಆದರೂ ಅವಳ ತಲೆ ಮೇಲೆ ಕೂತವರು ಇನ್ನೂ ಯಾರೂ ಇಲ್ಲ.

ಓದಿದ್ದು ಏಳನೇ ಕ್ಲಾಸು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ, ಹಾಗಾಗಿ ಮಾತು ಚುಚ್ಚುವುದು ಸಹಜ. ಅಳತೆಯ ವಿಷಯದಲ್ಲಿ ಅವಳದೊಂದು ಹಟವಿದೆ. ಗಿರಾಕಿ ಎಷ್ಟೇ ಹಳಬನಾದರೂ ಪ್ರತಿ ಸಲವೂ ಹೊಸದಾಗಿ ಅಳೆಯಬೇಕು. ಅಳೆದದ್ದನ್ನು ತಾರೀಖಿನ ಸಮೇತ ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ಆ ಬಟ್ಟೆಯದೇ ಉಗುರಿನಷ್ಟು ಚೂರನ್ನು ಗುಂಡುಸೂಜಿಯಿಂದ ಚುಚ್ಚಿಡಬೇಕು.

"ಹೋದ ವರ್ಷದ ಅಳತೆ ಇದೆಯಲ್ಲಮ್ಮ, ಅದೇ ಹಾಕಿ" ಎಂದು ಅವಸರದ ಗಿರಾಕಿ ಹೇಳಿದರೆ ಅವಳ ಉತ್ತರ ಸಿದ್ಧ. "ಹೋದ ವರ್ಷದ ನೀನು ಎಲ್ಲಿದ್ದೀಯೋ, ಅವನನ್ನೇ ಕಳಿಸು. ಹೊಲಿದುಕೊಡ್ತೀನಿ."

ಈ ಹಟದಿಂದಾಗಿ ಬೀದಿಯವರ ಕಾಯಿಲೆಗಳು ಡಾಕ್ಟರಿಗಿಂತ ಮುಂಚೆ ಅತ್ತೆಯ ಟೇಪಿಗೆ ತಿಳಿಯುತ್ತಿದ್ದವು. ಎರಡನೇ ಮಹಡಿಯ ಟೈಪಿಸ್ಟ್ ಹುಡುಗಿ ಸೊಂಟ ಎರಡಿಂಚು ಇಳಿದಿದೆ ಅಂತ ಕುಣಿದಾಗ, "ಊಟ ಕಮ್ಮಿ ಮಾಡಿದ್ದೀಯಾ? ಇಲ್ಲ ತಾನೇ? ಹಾಗಾದ್ರೆ ಕುಣೀಬೇಡ, ರಕ್ತ ಪರೀಕ್ಷೆ ಮಾಡಿಸು" ಅಂದಳು. ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಹುಡುಗಿ ಆಮೇಲೆ ಸ್ವೀಟ್ ತಂದುಕೊಟ್ಟಳು. ಅದನ್ನು ಅತ್ತೆಯೊಬ್ಬಳೇ ತಿನ್ನಬೇಕಾಯಿತು.

ಇಂಥ ಅತ್ತೆಯ ಮಾತನ್ನು ಕೇಳದೇ ಇದ್ದವನೆಂದರೆ ಅವಳ ಸ್ವಂತ ತಮ್ಮ, ನಮ್ಮ ಚಿಕ್ಕಪ್ಪ. ಸಿಟಿ ಬಸ್ಸಿನ ಕಂಡಕ್ಟರು. ಪ್ರತಿ ವರ್ಷ ಡಿಪೋದವರು ಬಟ್ಟೆ ಕೊಡುತ್ತಾರೆ, ಅಂಗಿ ಹೊಲಿಯುವುದು ಅತ್ತೆ. ಕೊರಳ ಗುಂಡಿ ಹಾಕದ ಕಂಡಕ್ಟರಿಗೆ ತಪಾಸಣೆಯವರು ಮೆಮೋ ಕೊಡುವುದರಿಂದ ಕಾಲರ್ ಅಳತೆ ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ. ಹೋದ ವರ್ಷ ಅಳೆದಾಗಲೇ ಅತ್ತೆ ಹೇಳಿದ್ದಳು: "ಎದೆ ಅಷ್ಟೇ ಇದೆ, ಸೊಂಟ ಅಷ್ಟೇ ಇದೆ. ಕತ್ತೊಂದೇ ಮುಕ್ಕಾಲಿಂಚು ಬೆಳೆದಿದೆ ಕಣೋ. ಯಾರಿಗಾದ್ರೂ ತೋರಿಸು."

"ದಿನಾ ಕೂಗ್ತೀನಲ್ಲಕ್ಕ, ಗಂಟಲಿಗೆ ವ್ಯಾಯಾಮ" ಎಂದು ಚಿಕ್ಕಪ್ಪ ನಕ್ಕಿದ್ದ.

ಈ ವರ್ಷ ಕಾಲರ್ ಹದಿನೇಳಿಂಚಿಗೆ ಹೋಯಿತು. ಅಷ್ಟರಲ್ಲಿ ವ್ಯಾಯಾಮದ ಗುಟ್ಟು ಎಲ್ಲರ ಕಣ್ಣಿಗೂ ಕಾಣುವಂತಿತ್ತು. ಗಂಟಲ ಮುಂದೆ ಮೊಟ್ಟೆಯಷ್ಟು ಊತ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ. ಸ್ಟಾಪಿನ ಹೆಸರು ಕೂಗಹೋದರೆ ಸೀಟಿ ಊದಿದ ಹಾಗೆ ಕೇಳುತ್ತಿತ್ತು. ಆಪರೇಷನ್ ಮಾಡುವ ಡಾಕ್ಟರಮ್ಮ ನೋಡಿ, "ಥೈರಾಯ್ಡ್ ಗಂಟು ಉಸಿರಿನ ಕೊಳವೆಯನ್ನ ಒತ್ತುತ್ತಾ ಇದೆ. ಎರಡು ತಿಂಗಳೊಳಗೆ ತೆಗೀಲೇಬೇಕು" ಅಂದರು. ಖರ್ಚು ಚಿಕ್ಕಪ್ಪನ ಹದಿನಾಲ್ಕು ತಿಂಗಳ ಸಂಬಳ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆದರೆ ಸರದಿ ಬರುವುದಕ್ಕೆ ಎಂಟು ತಿಂಗಳು. ಎರಡು ತಿಂಗಳ ಉಸಿರು ಇಟ್ಟುಕೊಂಡು ಎಂಟು ತಿಂಗಳ ಸಾಲಿನಲ್ಲಿ ನಿಲ್ಲುವುದು ಹೇಗೆ?

ಪುಣ್ಯಕ್ಕೆ ಮೂರು ವರ್ಷದ ಹಿಂದೆ ಚಿಕ್ಕಪ್ಪ ಆರೋಗ್ಯ ವಿಮೆ ಮಾಡಿಸಿದ್ದ. ಅರ್ಜಿ ಹೋಯಿತು, ಆರನೇ ದಿನ ಉತ್ತರ ಬಂತು: ಕಾಯಿಲೆ ಐದು ವರ್ಷದಿಂದ ಇದೆ, ಅಂದರೆ ಪಾಲಿಸಿಗಿಂತ ಹಳೆಯದು. ಅಂಥ ಕಾಯಿಲೆಗೆ ಮೊದಲ ನಾಲ್ಕು ವರ್ಷ ಹಣ ಕೊಡುವಂತಿಲ್ಲ. ಪಾಲಿಸಿ ಎಂಬ ಹೆಸರನ್ನು ಯಾರಿಟ್ಟರೋ, ಪಾಲಿಸಿ ಪಾಲಿಸಿ ಎಂದು ನಮಗೆ ಹೇಳುವುದೇ ಆಯಿತು.

"ಐದು ವರ್ಷ? ಯಾವನು ಹೇಳಿದ್ದು?" ಎಂದು ಅತ್ತೆ ಗುಡುಗಿದಳು. ಕಾಗದವನ್ನು ನಾನು ಓದಿ ಹೇಳುತ್ತಿದ್ದೆ. ಚಿಕ್ಕಮ್ಮ ಮೆಲ್ಲಗೆ ಅಡುಗೆಮನೆಯತ್ತ ಜಾರತೊಡಗಿದಳು.

"ಏಯ್, ನಿಲ್ಲು. ನೀನಾ?"

"ಮೊದಲನೇ ಸಲ ತೋರಿಸೋಕೆ ಹೋದಾಗ ಚಿಕ್ಕ ವಯಸ್ಸಿನ ಡಾಕ್ಟ್ರು ಎಷ್ಟು ದಿನದಿಂದ ಇದೆ ಅಂತ ಕೇಳಿದ್ರು ಅತ್ತಿಗೆ" ಎಂದು ಚಿಕ್ಕಮ್ಮ ಸೆರಗಿನ ತುದಿ ತಿರುಚಿದಳು. "ಒಂದೂವರೆ ವರ್ಷ ಅಂದ್ರೆ ಅವರು ತಲೆ ಎತ್ತಿಯಾದ್ರೂ ನೋಡ್ತಾರಾ? ಅದಕ್ಕೇ ಸ್ವಲ್ಪ ಸೇರಿಸಿದೆ."

"ಸ್ವಲ್ಪವಾ? ಮೂರೂವರೆ ವರ್ಷ ಸೇರಿಸಿದ್ದೀಯಲ್ಲೇ!"

ಅವಳನ್ನು ಬೈದು ಪ್ರಯೋಜನವಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ನಮ್ಮವರಿಗೆಲ್ಲ ಕಾಲ ಹಿಗ್ಗುತ್ತದೆ. ಮೊನ್ನೆಯ ಕೆಮ್ಮಿಗೆ ಒಂದು ತಿಂಗಳು, ತಿಂಗಳ ಮಂಡಿನೋವಿಗೆ ಹತ್ತು ವರ್ಷ. ಕಾಯಿಲೆಗೆ ವಯಸ್ಸಾದಷ್ಟೂ ಮರ್ಯಾದೆ ಜಾಸ್ತಿ ಎಂದು ನಂಬಿದ ಜನ ನಾವು. ಆದರೆ ಅದು ಆಸ್ಪತ್ರೆಯ ದಾಖಲೆಯಲ್ಲಿ ಇಳಿದಿತ್ತು, ದಾಖಲೆಗೆ ತಮಾಷೆ ಅರ್ಥವಾಗುವುದಿಲ್ಲ.

ಮರುದಿನ ಅತ್ತೆ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಸತ್ಯ ಹೇಳಿಸಿದಳು. ಡಾಕ್ಟರಮ್ಮ ಒಳ್ಳೆಯವರು, ನಗಲಿಲ್ಲ. "ನಾನು ತಿದ್ದಿ ಬರೆದುಕೊಡಬಹುದಮ್ಮ. ಆದರೆ ಹಣ ಇಲ್ಲ ಅಂದ ಮೇಲೆ ಮಾತು ಬದಲಾಯಿಸಿದ್ದಾರೆ ಅಂತಾರೆ ಕಂಪನಿಯವರು. ಗಂಟು ಮೊದಲು ಇರಲಿಲ್ಲ ಅನ್ನೋದಕ್ಕೆ ಹಳೇದು ಏನಾದ್ರೂ ಇದೆಯಾ? ಸ್ಕ್ಯಾನು, ಚೀಟಿ, ಯಾವ ಡಾಕ್ಟರಾದರೂ ಬರೆದದ್ದು?"

ಚಿಕ್ಕಪ್ಪ ಇದಕ್ಕೆ ಮುಂಚೆ ಜನ್ಮದಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಿದವನಲ್ಲ. ಚೀಟಿ ಎಲ್ಲಿಂದ ಬರಬೇಕು? ಅವನ ಕೈಯಲ್ಲಿದ್ದ ಚೀಟಿಗಳೆಲ್ಲ ಬಸ್ಸಿನವು. ಆದರೆ ಅತ್ತೆ ಕೇಳಿದಳು: "ಡಾಕ್ಟರು ಬರೆದಿದ್ದೇ ಆಗಬೇಕಾ? ಕತ್ತಿನ ಸುತ್ತಳತೆ ವರ್ಷಾ ವರ್ಷಾ ಬರೆದಿಟ್ಟಿದ್ರೆ ನಡೆಯುತ್ತಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರು ಬರೆದಿಟ್ಟಿದ್ದಾರೆ?"

"ನಾನು."

ಅವತ್ತು ಮಧ್ಯಾಹ್ನ ಅಟ್ಟದಿಂದ ನಾಲ್ಕು ಹಳೇ ಪುಸ್ತಕ ಇಳಿದವು, ಈ ವರ್ಷದ್ದನ್ನು ಸೇರಿಸಿ ಐದು ವರ್ಷಕ್ಕೆ ಐದು. ಪಾಲಿಸಿಗೆ ಮುಂಚಿನ ವರ್ಷ ಕಾಲರ್ ಹದಿನೈದು. ಪಾಲಿಸಿ ಮಾಡಿಸಿದ ವರ್ಷ ಹದಿನೈದು. ಅದರ ಮುಂದಿನ ವರ್ಷವೂ ಹದಿನೈದೇ. ಹೋದ ವರ್ಷ ಹದಿನೈದು ಮುಕ್ಕಾಲು, ಈ ವರ್ಷ ಹದಿನೇಳು. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ಐದನ್ನೂ ನೋಡಿದರು. "ನಮ್ಮ ರೆಕಾರ್ಡ್ ರೂಮಲ್ಲೂ ಇಷ್ಟು ಶಿಸ್ತಿಲ್ಲ" ಎಂದು ಹೇಳಿ, ಈ ಅಳತೆಗಳನ್ನು ನೋಡಿದರೆ ಗಂಟು ಒಂದೂವರೆ ವರ್ಷಕ್ಕಿಂತ ಹಳೆಯದಲ್ಲ ಎಂದು ಪತ್ರ ಬರೆದುಕೊಟ್ಟರು.

ವಿಮಾ ಕಚೇರಿಗೆ ಅತ್ತೆ ನನ್ನನ್ನು ಕರೆದುಕೊಂಡು ಹೋದಳು. "ನೀನು ಕಾನ್ವೆಂಟಲ್ಲಿ ಓದಿದವಳು. ಇಂಗ್ಲಿಷಲ್ಲಿ ಜಗಳ ಆಡಬೇಕಾದ್ರೆ ಬೇಕಾಗ್ತೀಯ." ನನಗೆ ಪುಸ್ತಕದ ಚೀಲ ಹೊರುವ ಕೆಲಸ ಸಿಕ್ಕಿತು. ಜಗಳಕ್ಕೆ ನನ್ನ ಅಗತ್ಯ ಬೀಳಲೇ ಇಲ್ಲ.

ಕಚೇರಿಯ ಗಾಜಿನ ಬಾಗಿಲು ತೆರೆದ ಕಾವಲುಗಾರನನ್ನು ನೋಡಿ ಅತ್ತೆ ಗಕ್ಕನೆ ನಿಂತಳು. ಅವನ ಮುಖವನ್ನಲ್ಲ, ಕಂಕುಳನ್ನು ನೋಡುತ್ತಿದ್ದಳು. ನನಗೆ ನಾಚಿಕೆಯಾಗಿ ಅವಳ ಕೈ ಎಳೆದೆ. "ಸುಮ್ನಿರೇ. ಆ ಅಂಗಿಗೆ ತೋಳು ಕೂರಿಸಿರೋದು ನಾನು" ಅಂದಳು. ಒಳಗೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾಯಿಸಿದರು. ಅಷ್ಟೂ ಹೊತ್ತು ಅವಳು ಎರಡು ವರ್ಷದ ಹಿಂದಿನ ಪುಸ್ತಕ ತಿರುವುತ್ತ ಕೂತಿದ್ದಳು. ಒಂದು ಪುಟಕ್ಕೆ ಬೆರಳಿಟ್ಟವಳು ಆ ಬೆರಳನ್ನು ಮತ್ತೆ ತೆಗೆಯಲಿಲ್ಲ.

ಅಧಿಕಾರಿಗೆ ನಲವತ್ತರ ಆಸುಪಾಸು. ಮೃದು ಮಾತು, ಗಟ್ಟಿ ಮನಸ್ಸು. ಡಾಕ್ಟರಮ್ಮನ ಪತ್ರ ಓದಿ, ಪುಸ್ತಕ ನೋಡಿ ಮುಗುಳ್ನಕ್ಕರು.

"ಅಮ್ಮಾ, ಮನುಷ್ಯ ದಪ್ಪ ಆದ್ರೆ ಕತ್ತೂ ದಪ್ಪ ಆಗುತ್ತೆ. ಇದರಿಂದ ಕಾಯಿಲೆ ಯಾವಾಗ ಬಂತು ಅಂತ ಹೇಗೆ ಹೇಳೋದು?"

"ಪಕ್ಕದ ಅಂಕಿಗಳನ್ನೂ ಓದಿ ಸ್ವಾಮಿ. ಎದೆ ಮೂವತ್ತೆಂಟು, ಐದು ವರ್ಷದಿಂದ. ಸೊಂಟ ಮೂವತ್ತನಾಲ್ಕು, ಐದು ವರ್ಷದಿಂದ. ಕತ್ತೊಂದೇ ದಪ್ಪ ಆಗೋದಕ್ಕೆ ನನ್ನ ತಮ್ಮ ಏನು ಗೂಳಿನಾ?"

ಅಧಿಕಾರಿ ಕೆಮ್ಮಿದರು. "ಸರಿ. ಆದರೆ ಇದು ನಿಮ್ಮದೇ ಪುಸ್ತಕ, ನಿಮ್ಮದೇ ಕೈಬರಹ, ತಮ್ಮನೂ ನಿಮ್ಮವರೇ. ತಪ್ಪು ತಿಳೀಬೇಡಿ, ಇದನ್ನ ಹೋದ ವಾರ ಕೂತು ಬರೆದಿಲ್ಲ ಅಂತ ನಾನು ಮೇಲಿನವರಿಗೆ ಹೇಗೆ ಹೇಳಲಿ?"

ನಾನು ಇಂಗ್ಲಿಷಿಗೆ ಸಿದ್ಧಳಾದೆ. ಅತ್ತೆ ನನ್ನ ಮಂಡಿಯನ್ನು ಅದುಮಿ, ಬೆರಳಿಟ್ಟಿದ್ದ ಪುಟ ತೆರೆದು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದಳು.

"ಈ ಸಾಲು ನಮ್ಮ ತಮ್ಮಂದು. ಎರಡು ವರ್ಷದ ಹಿಂದೆ, ಕಾಲರ್ ಹದಿನೈದು. ಅದರ ಕೆಳಗಿನ ಸಾಲು ಯಾರದು ಅಂತ ನೋಡಿ. ನಿಮ್ಮ ಬಾಗಿಲಲ್ಲಿ ನಿಂತಿದ್ದಾರಲ್ಲ, ಅವರದು. ಕೆಲಸಕ್ಕೆ ಸೇರೋ ಮುಂಚೆ ಯೂನಿಫಾರಂ ಹೊಲಿಸಿದ್ದು. ಅವರು ಯಾವತ್ತು ಸೇರಿದ್ರು ಅಂತ ನನಗೆ ಗೊತ್ತಿಲ್ಲ. ನಿಮ್ಮ ರಿಜಿಸ್ಟರಿಗೆ ಗೊತ್ತಿರುತ್ತೆ."

ಅಧಿಕಾರಿ ಪುಸ್ತಕವನ್ನೊಮ್ಮೆ ನೋಡಿದರು, ಅತ್ತೆಯನ್ನೊಮ್ಮೆ. ಆಮೇಲೆ ಫೋನೆತ್ತಿ ಯಾರನ್ನೋ ಸೇರಿದ ತಾರೀಖು ಕೇಳಿದರು. ಪುಸ್ತಕದ ತಾರೀಖಿಗೆ ಸರಿಯಾಗಿ ಐದು ದಿನದ ನಂತರ. ಅಷ್ಟಕ್ಕೇ ಬಿಡದೆ ಕಾವಲುಗಾರನನ್ನೂ ಒಳಗೆ ಕರೆಸಿದರು.

"ಈಯಮ್ಮನ ಹತ್ತಿರ ಯೂನಿಫಾರಂ ಹೊಲಿಸಿದ್ದೀಯಾ?"

"ಹೌದು ಸಾರ್, ಸೇರೋ ಮುಂಚೆ. ಮೊದಲು ಕಂಕುಳಲ್ಲಿ ಬಿಗಿಯಾಗಿತ್ತು, ಸಲ್ಯೂಟ್ ಹೊಡೆಯೋಕೇ ಆಗ್ತಿರಲಿಲ್ಲ. ಸೇರಿದ ಮಾರನೇ ದಿನ ಬಿಚ್ಚಿ ಸರಿಮಾಡಿ ಕೊಟ್ಟರು."

ಅಧಿಕಾರಿ ಪುಟಕ್ಕೆ ಬಗ್ಗಿದರು. ಅವನ ಸಾಲಿನ ಕೊನೆಯಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ, ಅವನು ಸೇರಿದ ಮಾರನೇ ದಿನದ ತಾರೀಖು ಹಾಕಿ ಬರೆದಿತ್ತು: 'ಕಂಕುಳು ಅರ್ಧ ಇಂಚು ಬಿಟ್ಟಿದೆ.' ಪಕ್ಕದಲ್ಲಿ ಚುಚ್ಚಿದ್ದ ನೀಲಿ ಚೂರಿನ ಸೂಜಿ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಮಾಡಿತ್ತು. ತಮ್ಮನ ಖಾಕಿ ಚೂರಿನ ಸೂಜಿಯದೂ ಅಂಥದೇ ಕಲೆ. ಹೋದ ವಾರ ಬರೆಯಬಹುದು, ಹೋದ ವಾರ ತುಕ್ಕು ಹಿಡಿಸುವುದು ಕಷ್ಟ.

ಅವರು ಉಗುರಿನಿಂದ ಆ ಕಲೆಯನ್ನು ಕೆರೆದು ನೋಡಿದರು. ಕೊನೆಗೆ, "ಪುಸ್ತಕ ಬಿಟ್ಟು ಹೋಗಿ, ಮೇಲಿನವರಿಗೆ ಕಳಿಸ್ತೀನಿ" ಅಂದರು.

"ಬಿಟ್ಟು ಹೋಗೋಕೆ ಆಗಲ್ಲ. ಇವುಗಳಲ್ಲಿ ಈ ವರ್ಷದ ಪುಸ್ತಕಾನೂ ಇದೆ. ನಾಡಿದ್ದು ಮೂವತ್ತು ಜನಕ್ಕೆ ಬಟ್ಟೆ ಕೊಡಬೇಕು. ಅವರೆಲ್ಲ ಬರಿಮೈಯಲ್ಲಿ ನಿಮ್ಮ ಬಾಗಿಲಿಗೆ ಬಂದ್ರೆ ಏನು ಮಾಡ್ತೀರಿ?"

ಅಧಿಕಾರಿ ಮೊದಲ ಸಲ ಮನಸಾರೆ ನಕ್ಕರು. ಪುಟಗಳ ನಕಲು ತೆಗೆಸಿದರು. ಯಂತ್ರದ ಪಕ್ಕದಲ್ಲೇ ನಿಂತು ಅತ್ತೆ ಒಂದೊಂದು ಹಾಳೆಯನ್ನೂ ನೋಡಿ, ಸೂಜಿಯ ಕಲೆ ಸರಿಯಾಗಿ ಮೂಡದ ಎರಡನ್ನು ವಾಪಸ್ಸು ಮಾಡಿ ಮತ್ತೆ ತೆಗೆಸಿದಳು.

ಹನ್ನೊಂದನೇ ದಿನ ಒಪ್ಪಿಗೆ ಬಂತು, ಪೂರ್ತಿ ಹಣಕ್ಕೆ. ಅದರ ಮುಂದಿನ ಸೋಮವಾರ ಬೆಳಗ್ಗೆ ಆಪರೇಷನ್. ಡಾಕ್ಟರಮ್ಮ ಹೊರಗೆ ಬಂದು "ಗಂಟು ಕೆಟ್ಟದ್ದಲ್ಲ, ದನಿಯ ನರಕ್ಕೂ ಪೆಟ್ಟಾಗಿಲ್ಲ" ಎಂದಾಗ ಚಿಕ್ಕಮ್ಮ ಅತ್ತೆಯ ಭುಜಕ್ಕೆ ಒರಗಿ ಗೊಳೋ ಎಂದು ಅತ್ತಳು. ಅತ್ತೆ ಅವಳ ಬೆನ್ನು ಸವರಿದಳು. "ಅಳು, ಅಳು. ಆದ್ರೆ ಎಷ್ಟು ಹೊತ್ತು ಅತ್ತೆ ಅಂತ ಯಾರಾದ್ರೂ ಕೇಳಿದ್ರೆ ಸರಿಯಾಗಿ ಹೇಳು."

ಸುದ್ದಿ ಡಿಪೋಗೆ ಹೋಯಿತು, ಆಸ್ಪತ್ರೆಯ ಮಹಡಿಗಳಲ್ಲೂ ಓಡಾಡಿತು. ಈಗ ಆಸ್ಪತ್ರೆಯ ವಿಮೆ ಕೌಂಟರಿನ ಹುಡುಗಿ ಯಾರಿಗಾದರೂ ಇಲ್ಲ ಅಂತ ಪತ್ರ ಬಂದರೆ, "ಹಳೇದು ಏನಿದೆ ಮನೆಯಲ್ಲಿ, ಯೋಚನೆ ಮಾಡಿ. ಡಾಕ್ಟರದ್ದೇ ಆಗಬೇಕಾಗಿಲ್ಲ" ಎಂದು ಹೇಳಿ ಕಳಿಸುತ್ತಾಳಂತೆ. ಇದನ್ನು ಕೇಳಿದ ದಿನ ಅತ್ತೆ ಹೊಲಿಗೆ ನಿಲ್ಲಿಸಲಿಲ್ಲ. ಬಾಯಲ್ಲಿ ಎಂದಿನ ಹಾಗೆ ಸೂಜಿ ಇತ್ತು. ಕಣ್ಣಲ್ಲಿ ಮಾತ್ರ ನಾನು ಹಿಂದೆಂದೂ ನೋಡದ ಒಂದು ಠೀವಿ ಕಂಡಿತು.

ಚಿಕ್ಕಪ್ಪ ಕೆಲಸಕ್ಕೆ ಮರಳಿದ ಮೊದಲ ದಿನ ನಾನು ಅಂಗಡಿಯಲ್ಲಿದ್ದೆ. ಬೆಳಗ್ಗೆ ಹತ್ತರ ಹೊತ್ತಿಗೆ ಬಸ್ಸು ಬಂದು ಅಂಗಡಿಯ ಮುಂದೆ ನಿಂತಿತು. ಚಿಕ್ಕಪ್ಪ ಫುಟ್‌ಬೋರ್ಡಿನ ಮೇಲೆ ನಿಂತು ಒಳಗಿನವರಿಗೆ ಇನ್ನೂ ಸ್ವಲ್ಪ ಒಡಕಾಗಿದ್ದ ದನಿಯಲ್ಲಿ ಕೂಗಿದ: "ನೋಡ್ಕೊಳ್ರಪ್ಪಾ, ಇವಳೇ ನಮ್ಮಕ್ಕ!" ಕಿಟಕಿಗಳಿಂದ ಇಪ್ಪತ್ತು ಮೂವತ್ತು ತಲೆ ಹೊರಗೆ ಬಂದವು.

ಅತ್ತೆ ತಗ್ಗಿನ ಕಡೆಯಿಂದ ಬಗ್ಗಿಕೊಂಡು ಬಂದು ಬಾಗಿಲಲ್ಲಿ ನೆಟ್ಟಗೆ ನಿಂತಳು.

"ಇಲ್ಲೆಲ್ಲಿದೆಯೋ ಸ್ಟಾಪು? ಜನಕ್ಕೆ ಕೆಲಸ ಇದೆ. ಹೊರಡಿಸು ಬಸ್ಸು."

ಚಿಕ್ಕಪ್ಪ ಸೀಟಿ ಊದಿದ. ಬಸ್ಸು ತಿರುವು ದಾಟಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.